ಫೈನಲ್ ಫ್ಯಾಂಟಸಿ ಆಡಬೇಕು, ಆದರೆ ಯಾವುದರಿಂದ ಶುರು ಮಾಡೋದು?

ಶಿರಸಿ, ಕುಮಟಾ, ಕಾರವಾರದ ಕಡೆಯ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಪಿಯುಸಿ ಮುಗಿಸಿ ರಜೆಯಲ್ಲಿರುವವರಿದ್ದಾರೆ. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಊರಿಗೇ ತಂದುಕೊಂಡವರಿದ್ದಾರೆ. ಮಗನಿಗೆ ಯಾವುದನ್ನು ಆಡಲು ಬಿಡಬಹುದು ಎಂದು ವಿಚಾರಿಸುವ ತಾಯಂದಿರೂ ಇದ್ದಾರೆ. ಎಲ್ಲರ ಗೊಂದಲ ಒಂದೇ: ಈ ವಿಡಿಯೋ ಗೇಮ್ ಸರಣಿಯಲ್ಲಿ ಸಂಖ್ಯೆ ಇರುವ ಆಟಗಳೇ ಹದಿನಾರು, ಅದರ ಮೇಲೆ ಉಪಕತೆಗಳು, ಮರುನಿರ್ಮಾಣಗಳು. ಒಂದರಿಂದಲೇ ಶುರು ಮಾಡಬೇಕಾ?

ಬೇಡ. ಒಂದರಿಂದ ಶುರು ಮಾಡಬೇಕಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ತಿಂಗಳುಗಟ್ಟಲೆ ಹುಡುಕುವುದೂ ಬೇಡ. ನೀವು ಕೊನೆಯವರೆಗೆ ಆಡಿ ಮುಗಿಸಬಲ್ಲ ಆಟದಿಂದ ಶುರು ಮಾಡಿ. ಹೆಸರು ಕೇಳಿ ದೊಡ್ಡ ಆಟವನ್ನೇ ಕೊಂಡು, ಎಂಟು ಹತ್ತು ಗಂಟೆಗೆ ಕೈಬಿಟ್ಟು, "ಇದು ನಮಗಲ್ಲ" ಎಂದು ಸರಣಿಯನ್ನೇ ಬಿಟ್ಟವರನ್ನು ತುಂಬಾ ನೋಡಿದ್ದೇನೆ. ಒಂದು ಆಟದ ಕತೆ ಪೂರ್ತಿ ಮುಗಿಸಿದವರು ಮಾತ್ರ ಎರಡನೆಯದಕ್ಕೆ ತಾವಾಗಿಯೇ ಬರುತ್ತಾರೆ.

ಅವಸರ ಇರುವವರಿಗೆ ಉತ್ತರ ಇಲ್ಲೇ ಇದೆ. ಫೋನ್ ಮಾತ್ರ ಇದ್ದರೆ ಫೈನಲ್ ಫ್ಯಾಂಟಸಿ 4, ಪಿಕ್ಸೆಲ್ ರೀಮಾಸ್ಟರ್ ಆವೃತ್ತಿ. ಸಾಧಾರಣ ಲ್ಯಾಪ್‌ಟಾಪ್ ಅಥವಾ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರ) ಇದ್ದರೆ ಫೈನಲ್ ಫ್ಯಾಂಟಸಿ 10. ಹಳೆಯ ಲ್ಯಾಪ್‌ಟಾಪ್ ಆಗಿದ್ದು, ಹಾಸ್ಯ ಮತ್ತು ಅಕ್ಕರೆ ತುಂಬಿದ ಕತೆ ಬೇಕೆಂದರೆ 9. ಯಾಕೆ ಎಂದು ತಿಳಿಯಲು ಮುಂದೆ ಓದಿ.

ಮೊದಲು ಒಂದಿಷ್ಟು ಹಿನ್ನೆಲೆ

ಇದು ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ. ಅಂದರೆ ಒಂದು ಕತೆಯ ಪಾತ್ರಗಳನ್ನು ನೀವು ನಡೆಸುತ್ತೀರಿ. ಊರೂರು ತಿರುಗಿ ಜನರ ಜತೆ ಮಾತಾಡುತ್ತೀರಿ, ಕಾಳಗ ಮಾಡುತ್ತೀರಿ. ಗೆದ್ದಂತೆಲ್ಲ ಪಾತ್ರಗಳ ಶಕ್ತಿ ಹೆಚ್ಚುತ್ತದೆ. ಬೆರಳಿನ ವೇಗಕ್ಕಿಂತ ಯೋಚನೆಗೆ ಇಲ್ಲಿ ಬೆಲೆ ಜಾಸ್ತಿ.

ಮೊದಲ ಆಟ ಜಪಾನಿನಲ್ಲಿ 1987ರ ಡಿಸೆಂಬರ್‌ನಲ್ಲಿ ಬಂತು. ಮಾಡಿದ ಕಂಪನಿ ಸ್ಕ್ವೇರ್. ಮುಂದಾಳು ಹಿರೊನೊಬು ಸಕಗುಚಿ, ಚಿತ್ರಗಳು ಯೊಶಿತಾಕಾ ಅಮಾನೊ ಅವರದು, ಸಂಗೀತ ನೊಬುವೊ ಉಯೆಮತ್ಸು ಅವರದು. 2003ರಲ್ಲಿ ಸ್ಕ್ವೇರ್ ಮತ್ತು ಎನಿಕ್ಸ್ ಒಂದಾಗಿ ಸ್ಕ್ವೇರ್ ಎನಿಕ್ಸ್ ಆಯಿತು. ಹದಿನಾರನೆಯ ಆಟ ಬಂದದ್ದು 2023ರಲ್ಲಿ.

1. ಸಂಖ್ಯೆಗೆ ಹೆದರಬೇಡಿ

ಹದಿನಾರೂ ಒಂದೇ ಕತೆಯ ಹದಿನಾರು ಭಾಗಗಳಲ್ಲ. ನಮ್ಮ ಕಡೆಯವರಿಗೆ ಯಕ್ಷಗಾನದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಒಂದೊಂದು ಆಟವೂ ಒಂದೊಂದು ಪ್ರಸಂಗ. ನಿನ್ನೆಯ ಪ್ರಸಂಗ ನೋಡದಿದ್ದರೂ ಇವತ್ತಿನ ಆಟಕ್ಕೆ ಕೂರಬಹುದು. ಆದರೆ ಚಂಡೆ, ಮದ್ದಳೆ, ಕಿರೀಟ, ಪ್ರವೇಶದ ಕುಣಿತ ಎಲ್ಲದರಲ್ಲೂ ಇರುತ್ತವೆ ಅಲ್ವಾ? ಹಾಗೇ ಇಲ್ಲಿ ಚೊಕೊಬೊ ಎಂಬ ಸವಾರಿಯ ದೊಡ್ಡ ಹಕ್ಕಿ, ಮೂಗಲ್ ಎಂಬ ಪುಟ್ಟ ರೆಕ್ಕೆಯ ಜೀವಿ, ಹಾರುವ ಹಡಗು, ಹೆಚ್ಚುಕಡಿಮೆ ಎಲ್ಲ ಆಟದಲ್ಲೂ ಸಿಡ್ ಎಂಬ ಹೆಸರಿನ ಒಬ್ಬರು ಮತ್ತೆ ಮತ್ತೆ ಬರುತ್ತಾರೆ. ಲೋಕ ಮಾತ್ರ ಪ್ರತಿ ಸಲ ಹೊಸದು, ಪಾತ್ರಗಳೂ ಹೊಸಬರು.

ಇದಕ್ಕೆ ಹೊರತಾದವು ಕೆಲವು ಇವೆ. 10-2 ಎಂದು ಬರೆದಿದ್ದರೆ ಅದು 10ರ ಮುಂದಿನ ಕತೆ. 13ಕ್ಕೆ ಮುಂದುವರಿಕೆಯಾಗಿ ಎರಡು ಆಟಗಳಿವೆ. 7ರ ಸುತ್ತ ಒಂದು ಸಣ್ಣ ಬಳಗವೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎಚ್ಚರ: ಅಂಗಡಿಯ ಪಟ್ಟಿಯಲ್ಲಿ ಹೆಸರಿನ ಮುಂದೆ ರೋಮನ್ ಅಂಕಿ ಇರುತ್ತದೆ. ಐ ಮೊದಲು, ವಿ ಆಮೇಲೆ ಬಂದರೆ 4. ವಿ ಮೊದಲು, ಐ ಆಮೇಲೆ ಬಂದರೆ 6. ದುಡ್ಡು ಕೊಡುವ ಮುಂಚೆ ಎರಡು ಸಲ ನೋಡಿ. ಇನ್ನೊಂದು ಗೊಂದಲ ಹಳೆಯ ಅಮೆರಿಕದ ಸಂಖ್ಯೆಗಳದು. ಮೂಲದ 2, 3, 5 ಆಗ ಅಮೆರಿಕಕ್ಕೆ ಹೋಗಲೇ ಇಲ್ಲ. ಹಾಗಾಗಿ 4ನ್ನು ಅಲ್ಲಿ 2 ಎಂದೂ 6ನ್ನು 3 ಎಂದೂ ಮಾರಿದರು. ತೊಂಬತ್ತರ ದಶಕದ ಬರಹಗಳನ್ನು ಓದುವಾಗ ಇದು ನೆನಪಿರಲಿ. ಈಗಿನ ಅಂಗಡಿಗಳಲ್ಲಿ ಜಪಾನಿನ ಮೂಲ ಸಂಖ್ಯೆಯೇ ಇದೆ.

2. ಮನೆಯಲ್ಲಿ ಏನಿದೆ ನೋಡಿ

ಹೊಸ ಯಂತ್ರ ಕೊಳ್ಳುವುದು ಮೊದಲ ಹೆಜ್ಜೆ ಅಲ್ಲವೇ ಅಲ್ಲ. ಇರುವುದರಲ್ಲೇ ಆಡಬಹುದಾದ ಒಳ್ಳೆಯ ಆಟಗಳು ಬೇಕಾದಷ್ಟಿವೆ.

ಆಂಡ್ರಾಯ್ಡ್ ಫೋನ್ ಅಥವಾ ಐಫೋನ್ ಇದ್ದರೆ 1ರಿಂದ 6ರವರೆಗಿನ ಆಟಗಳು ಪಿಕ್ಸೆಲ್ ರೀಮಾಸ್ಟರ್ ರೂಪದಲ್ಲಿ ಸಿಗುತ್ತವೆ. ಹಳೆಯ ಆಟವನ್ನು ಹಾಗೇ ಇಟ್ಟು, ಚಿತ್ರಗಳನ್ನು ಚೊಕ್ಕ ಮಾಡಿ, ಸಂಗೀತವನ್ನು ಹೊಸದಾಗಿ ನುಡಿಸಿ 2021–22ರಲ್ಲಿ ಬಿಟ್ಟ ಆವೃತ್ತಿ ಇದು. ಒಂದೊಂದೂ ಒಂದೆರಡು ಜಿಬಿಯೊಳಗೆ ಮುಗಿಯುತ್ತದೆ. 7, 8, 9 ಕೂಡ ಫೋನಿಗೆ ಬಂದಿವೆ. ಅವು ಹೆಚ್ಚು ಜಾಗ ಕೇಳುತ್ತವೆ.

ಆಫೀಸಿನ ಕೆಲಸಕ್ಕೆ ಎಂದು ಕೊಂಡ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಮೊದಲ ಒಂಬತ್ತೂ ಓಡುತ್ತವೆ. ಲ್ಯಾಪ್‌ಟಾಪ್ ತೀರಾ ಹಳೆಯದಲ್ಲದಿದ್ದರೆ 10 ಕೂಡ ಓಡುತ್ತದೆ. ಅದಕ್ಕೆ ಸುಮಾರು 40 ಜಿಬಿ ಜಾಗ ಖಾಲಿ ಇಟ್ಟುಕೊಳ್ಳಿ. 7ನ್ನು ಹೊಸದಾಗಿ ಕಟ್ಟಿದ ರೀಮೇಕ್, ಅದರ ಮುಂದಿನ ಭಾಗ ರೀಬರ್ತ್, 15, 16 ಇವಕ್ಕೆಲ್ಲ ನಿಜವಾದ ಗೇಮಿಂಗ್ ಯಂತ್ರ ಬೇಕು. ರೀಬರ್ತ್ ಮತ್ತು 16 ಕಂಪ್ಯೂಟರಿನಲ್ಲಿ ತಲಾ 150 ಜಿಬಿಗಿಂತ ಜಾಸ್ತಿ ಜಾಗ ತಿನ್ನುತ್ತವೆ.

ಹುಬ್ಬಳ್ಳಿಗೋ ಗೋವಾಕ್ಕೋ ಹೋದಾಗ ಸೆಕೆಂಡ್ ಹ್ಯಾಂಡ್ ಪಿಎಸ್4 ತರುವವರಿದ್ದಾರೆ. ಒಳ್ಳೆಯ ಯೋಚನೆ. ಆದರೆ ಡಿಸ್ಕ್ ಕೊಳ್ಳುವಾಗ ಡಬ್ಬಿಯ ಮೇಲೆ ಯಾವ ಯಂತ್ರದ ಹೆಸರಿದೆ ನೋಡಿ. 10ರ ಎಚ್‌ಡಿ ಆವೃತ್ತಿ ಪಿಎಸ್3ಕ್ಕೂ ಬಂದಿದೆ, ಪಿಎಸ್4ಕ್ಕೂ ಬಂದಿದೆ. ಪಿಎಸ್3ರ ಡಿಸ್ಕ್ ಪಿಎಸ್4ರಲ್ಲಿ ಓಡುವುದಿಲ್ಲ.

3. ಕರೆಂಟು ಮತ್ತು ನೆಟ್‌ವರ್ಕ್ ಲೆಕ್ಕ ಹಾಕಿ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಈ ವಿಷಯ ಕಾಣುವುದಿಲ್ಲ. ನಮ್ಮಲ್ಲಿ ಇದು ಮುಖ್ಯ. ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ. ಕರೆಂಟು ಯಾವಾಗ ಬಂತು, ಯಾವಾಗ ಹೋಯಿತು ಹೇಳಲಾಗದು. ಹಳೆಯ ಆರ್‌ಪಿಜಿಗಳಲ್ಲಿ ಬೇಕೆಂದಲ್ಲಿ ಸೇವ್ ಮಾಡಲು ಬರುವುದಿಲ್ಲ. ಸೇವ್ ಎಂದರೆ ಆಟ ಎಲ್ಲಿಗೆ ಬಂತು ಎಂಬುದನ್ನು ಉಳಿಸಿಡುವುದು. ಅದಕ್ಕೆ ನಿಗದಿಯಾದ ಜಾಗಗಳಿರುತ್ತವೆ, ಅವೇ ಸೇವ್ ಪಾಯಿಂಟ್. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಧ ಗಂಟೆ ಆಗುವುದೂ ಉಂಟು. ನಡುವೆ ಕರೆಂಟು ಹೋದರೆ ಆ ಅರ್ಧ ಗಂಟೆ ಹೋಯಿತು.

ಪಿಕ್ಸೆಲ್ ರೀಮಾಸ್ಟರ್‌ಗಳಲ್ಲಿ ಈ ಕಷ್ಟ ಇಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗ ಆಟ ತಾನೇ ಸೇವ್ ಆಗುತ್ತದೆ. ಕಾಳಗದ ಹೊರಗೆ ಬೇಕೆಂದಾಗ ಕ್ವಿಕ್ ಸೇವ್ ಕೂಡ ಮಾಡಬಹುದು. ಕಂಪ್ಯೂಟರಿನ 9, 10, 12ರಲ್ಲೂ ಆಟೋ ಸೇವ್ ಇದೆ. ಇನ್ವರ್ಟರ್ ಇಲ್ಲದ ಮನೆಯವರು ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಅಥವಾ ಕನ್ಸೋಲ್ (ಪಿಎಸ್4ನಂಥ ಆಟದ ಯಂತ್ರ) ಬದಲು ಫೋನ್, ಲ್ಯಾಪ್‌ಟಾಪ್ ಆಟಗಳನ್ನೇ ಆರಿಸಿಕೊಳ್ಳಿ. ಏಪ್ರಿಲ್, ಮೇ ಸಂಜೆಯ ಗುಡುಗು ಸಿಡಿಲಿಗೆ ಪ್ಲಗ್ಗು ಮಾತ್ರ ತೆಗೆದರೆ ಸಾಲದು, ಮೋಡೆಮ್‌ನಿಂದ ಬರುವ ಕೇಬಲ್ಲನ್ನೂ ಬಿಡಿಸಿಡಿ. ಕಾರವಾರ, ಅಂಕೋಲಾದ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಲೋಹದ ಭಾಗ ಬೇಗ ತುಕ್ಕು ಹಿಡಿಯುತ್ತದೆ. ಕನ್ಸೋಲ್ ಕಿಟಕಿಯ ಹತ್ತಿರ ಬೇಡ.

ನೆಟ್ ವಿಷಯ ಸರಳ. ಈ ಲೇಖನದಲ್ಲಿ ನಾನು ಆಡಿ ಎಂದು ಹೇಳುವ ಆಟಗಳನ್ನು ಒಮ್ಮೆ ಇಳಿಸಿಕೊಂಡು ತೆರೆದರೆ ಸಾಕು, ಆಮೇಲೆ ನೆಟ್ ಇಲ್ಲದೆಯೂ ಆಡಬಹುದು. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ, ನೆಟ್ ಇರುವಾಗಲೇ ಒಮ್ಮೆ ಆಟ ತೆರೆದು, ಆಫ್‌ಲೈನ್ ಮೋಡ್ ಕೆಲಸ ಮಾಡುತ್ತದಾ ನೋಡಿಟ್ಟುಕೊಳ್ಳಿ. ದಿನಕ್ಕೆ ಎರಡು ಜಿಬಿ ಕೊಡುವ ಫೋನ್ ಪ್ಲಾನ್‌ನಲ್ಲಿ 100 ಜಿಬಿಯ ಆಟ ಇಳಿಸುವ ಸಾಹಸ ಬೇಡ. ಫೈಬರ್ ಇರುವ ಸಂಬಂಧಿಕರ ಮನೆಗೆ ಲ್ಯಾಪ್‌ಟಾಪ್ ಒಯ್ದು ಇಳಿಸಿಕೊಂಡು ಬನ್ನಿ. 11 ಮತ್ತು 14 ಪೂರ್ತಿ ಆನ್‌ಲೈನ್ ಆಟಗಳು. ಸಾವಿರಾರು ಜನ ಒಟ್ಟಿಗೆ ಇರುವ ಲೋಕ ಅದು. ಸಿಗ್ನಲ್ ಹೋದರೆ ಆಟವೂ ಹೋಯಿತು. ಅವು ಮೊದಲ ಆಟ ಆಗುವುದು ಬೇಡ.

4. ಯಾವ ಬಗೆಯ ಕಾಳಗ ನಿಮಗೆ ಹಿಡಿಸುತ್ತದೆ?

ಸರಣಿಯಲ್ಲಿ ಕಾಳಗದ ಬಗೆ ಬದಲಾಗುತ್ತಾ ಬಂದಿದೆ. ಮುಖ್ಯವಾಗಿ ಮೂರು.

ಮೊದಲನೆಯದು ಸರದಿಯ ಕಾಳಗ, ಟರ್ನ್ ಬೇಸ್ಡ್ ಎನ್ನುತ್ತಾರೆ. ನಿಮ್ಮ ಸರದಿ ಬಂದಾಗ ಆಟ ನಿಂತು ಕಾಯುತ್ತದೆ. ಎಷ್ಟು ಬೇಕಾದರೂ ಯೋಚಿಸಿ. ಒಲೆ ಮೇಲಿನ ಹಾಲು ನೋಡಿ ಬಂದು ಮುಂದುವರಿಸಿದರೂ ಏನೂ ಆಗದು. 1, 2, 3 ಮತ್ತು 10 ಈ ಬಗೆಯವು.

ಎರಡನೆಯದು ಎಟಿಬಿ, ಅಂದರೆ ಆಕ್ಟಿವ್ ಟೈಮ್ ಬ್ಯಾಟಲ್. 1991ರಲ್ಲಿ 4ನೇ ಆಟದಲ್ಲಿ ಶುರುವಾಗಿ 9ರವರೆಗೂ ನಡೆಯಿತು. ಪ್ರತಿ ಪಾತ್ರಕ್ಕೂ ಒಂದು ಪಟ್ಟಿ ತುಂಬುತ್ತಾ ಇರುತ್ತದೆ, ತುಂಬಿದಾಗ ಆ ಪಾತ್ರದ ಸರದಿ. ನೀವು ಯೋಚಿಸುತ್ತಾ ಕೂತರೆ ಎದುರಾಳಿ ಹೊಡೆಯುತ್ತಾನೆ. ಹೊಸಬರಿಗೆ ಗಾಬರಿ ಆಗುವುದು ಇಲ್ಲೇ. ಆದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವ್, ವೇಟ್ ಎಂದು ಎರಡು ಆಯ್ಕೆ ಇರುತ್ತವೆ. ವೇಟ್ ಇಟ್ಟರೆ ನೀವು ಮಂತ್ರ ಅಥವಾ ವಸ್ತುಗಳ ಪಟ್ಟಿಯಲ್ಲಿ ಹುಡುಕುವಾಗ ಸಮಯ ನಿಲ್ಲುತ್ತದೆ. ಆಟ ಶುರುವಾದ ಕೂಡಲೇ ಮಾಡಬೇಕಾದ ಕೆಲಸ ಇದು.

ಮೂರನೆಯದು ನೇರ ಹೊಡೆದಾಟ. 15 ಮತ್ತು 16ರಲ್ಲಿ ಬಟನ್ ಒತ್ತಿದ ಹಾಗೆ ಕತ್ತಿ ಬೀಸುತ್ತದೆ. ಬೇರೆ ಆ್ಯಕ್ಷನ್ ಆಟಗಳನ್ನು ಆಡಿ ಅಭ್ಯಾಸ ಇದ್ದವರಿಗೆ ಇದು ಸುಲಭ. ಆದರೆ ಇದೊಂದನ್ನೇ ಆಡಿದವರಿಗೆ ಹಳೆಯ ಸರಣಿಯ ರುಚಿ ಸಿಗುವುದಿಲ್ಲ.

12 ಈ ಮೂರರಲ್ಲೂ ಸೇರದು. ಅಲ್ಲಿ ಗ್ಯಾಂಬಿಟ್ ಎಂಬ ಏರ್ಪಾಡಿದೆ. "ಜತೆಗಾರನ ಜೀವ ಅರ್ಧಕ್ಕಿಂತ ಕಡಿಮೆಯಾದರೆ ಗುಣಪಡಿಸು" ಎಂಬಂಥ ನಿಯಮಗಳನ್ನು ಸಾಲಾಗಿ ಬರೆದಿಟ್ಟರೆ ಪಾತ್ರಗಳು ತಾವೇ ಅದರಂತೆ ನಡೆಯುತ್ತವೆ. ಕೋಡ್ ಬರೆಯುವ ಕೆಲಸದವರಿಗೆ ಇದು ಹಬ್ಬ. ಆದರೆ ಅದರ ಇಂಗ್ಲಿಷ್ ಹಳೇ ಗ್ರಂಥದ ಧಾಟಿಯದು, ರಾಜಕೀಯದ ಕತೆ, ಹೆಸರುಗಳೂ ಜಾಸ್ತಿ. ಎರಡನೆಯದಾಗಿಯೋ ಮೂರನೆಯದಾಗಿಯೋ ಆಡಿ.

ಇಂಗ್ಲಿಷ್ ಮಾತು ಬಂದಿದ್ದರಿಂದ ಹೇಳುತ್ತೇನೆ. ಯಾವುದೂ ಕನ್ನಡದಲ್ಲಿಲ್ಲ. ಆದರೆ 1ರಿಂದ 9ರವರೆಗೆ ಮಾತೆಲ್ಲ ಬರಹದಲ್ಲೇ ಇದೆ, ನೀವು ಬಟನ್ ಒತ್ತುವವರೆಗೂ ತೆರೆಯ ಮೇಲೆ ನಿಂತಿರುತ್ತದೆ. ನಿಧಾನವಾಗಿ ಓದಬಹುದು. ಧ್ವನಿ ಬಂದದ್ದು 10ರಿಂದ, ಅದರಲ್ಲೂ ಕೆಳಗೆ ಬರಹ ಇರುತ್ತದೆ. ಹೈಸ್ಕೂಲಿನ ಇಂಗ್ಲಿಷ್ ಇದ್ದರೆ 4, 9, 10 ಮೂರೂ ಅರ್ಥವಾಗುತ್ತವೆ.

5. ಈಗ ಆರಿಸಿ

ಮೊದಲಿಗೆ 4. ಬ್ಯಾರನ್ ಎಂಬ ರಾಜ್ಯದ ಸೇನಾನಾಯಕ ಸೆಸಿಲ್. ದೊರೆಯ ಆಜ್ಞೆಯಂತೆ ಒಂದು ಊರಿನಿಂದ ಸ್ಫಟಿಕ ಕಿತ್ತು ತರುತ್ತಾನೆ. ನಾವು ಮಾಡಿದ್ದು ಸರಿಯಾ ಎಂಬ ಪ್ರಶ್ನೆ ಅವನನ್ನು ಮೊದಲ ಹತ್ತು ನಿಮಿಷದಲ್ಲೇ ಕಾಡುತ್ತದೆ. ಕತೆ ಎಲ್ಲೂ ಎಳೆಯುವುದಿಲ್ಲ, ಸುಮಾರು 20 ಗಂಟೆಯಲ್ಲಿ ಮುಗಿಯುತ್ತದೆ. ಹೊಸಬರಿಗೆ ಇದನ್ನು ಹೇಳಲು ಇನ್ನೂ ದೊಡ್ಡ ಕಾರಣ ಒಂದಿದೆ. ಇಲ್ಲಿ ಪ್ರತಿ ಪಾತ್ರದ ವಿದ್ಯೆ ಮೊದಲೇ ನಿಗದಿ. ಕೇನ್ ಆಕಾಶಕ್ಕೆ ನೆಗೆದು ಈಟಿ ಸಮೇತ ಇಳಿಯುತ್ತಾನೆ, ರೋಸಾ ಗುಣಪಡಿಸುತ್ತಾಳೆ, ರಿಡಿಯಾ ದೈತ್ಯ ಜೀವಿಗಳನ್ನು ಕರೆಯುತ್ತಾಳೆ. ಯಾರಿಗೆ ಏನು ಕಲಿಸಲಿ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಇರುವವರನ್ನು ಸರಿಯಾಗಿ ಬಳಸಿದರೆ ಆಯಿತು. ಐದು ಜನರ ತಂಡವನ್ನು ನಡೆಸುವುದು ಹೇಗೆಂದು ಇದರಷ್ಟು ಚೆನ್ನಾಗಿ ಕಲಿಸುವ ಆಟ ಸರಣಿಯ ಹಳೆಯ ಆರರಲ್ಲಿ ಬೇರೆ ಇಲ್ಲ.

6 ಅದಕ್ಕಿಂತ ದೊಡ್ಡ ಆಟ, ನಿಜ. ಹದಿನಾಲ್ಕು ಪಾತ್ರಗಳು, ಸುಮಾರು 35 ಗಂಟೆ. ಅದರಲ್ಲಿ ಒಂದು ಒಪೆರಾ ದೃಶ್ಯ ಇದೆ, ಪಿಕ್ಸೆಲ್ ರೀಮಾಸ್ಟರ್‌ನಲ್ಲಿ ಅದನ್ನು ನಿಜವಾದ ದನಿಯಲ್ಲಿ ಹಾಡಿಸಿದ್ದಾರೆ. ಆದರೂ 4 ಆಡಿ ಬಂದವರಿಗೆ 6 ಎಲ್ಲೆಲ್ಲಿ ಹಳೆಯ ಕಟ್ಟು ಮುರಿಯಿತು ಎಂಬುದು ಕಾಣುತ್ತದೆ. ಆ ಸಂತೋಷ ಬೇರೆಯದೇ. ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ.

ಇನ್ನು 10. ಬಂದದ್ದು 2001ರಲ್ಲಿ, ಪಿಎಸ್2ಕ್ಕೆ. ಈಗ ಎಚ್‌ಡಿ ಆವೃತ್ತಿ ಕಂಪ್ಯೂಟರ್, ಪಿಎಸ್4, ನಿಂಟೆಂಡೊ ಸ್ವಿಚ್‌ಗಳಲ್ಲಿ ಸಿಗುತ್ತದೆ. ಫೋನಿಗೆ ಬಂದಿಲ್ಲ. ಟೀಡಸ್ ಎಂಬ ಹುಡುಗ ತನ್ನ ನಗರ ಕಳೆದುಕೊಂಡು ಗೊತ್ತಿಲ್ಲದ ಲೋಕದಲ್ಲಿ ಬೀಳುತ್ತಾನೆ. ಅಲ್ಲಿನ ದೇವರು, ಆಚಾರ, ಹೆದರಿಕೆ ಯಾವುದೂ ಅವನಿಗೆ ತಿಳಿಯದು. ನಮಗೂ ತಿಳಿಯದು. ಅವನು ಕೇಳುವ ಪ್ರಶ್ನೆಗಳೇ ನಮ್ಮ ಪ್ರಶ್ನೆಗಳು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ ಎಂದು ನಾನು ಹೇಳುವುದು ಅದಕ್ಕೇ.

ಕಾಳಗವೂ ಹಾಗೇ, ಕಲಿಸುತ್ತಾ ಹೋಗುತ್ತದೆ. ಒಟ್ಟು ಏಳು ಜನ, ಒಂದು ಹೊತ್ತಿಗೆ ಮೂವರು ಕಣದಲ್ಲಿ. ನಡುವೆಯೇ ಬದಲಾಯಿಸಬಹುದು, ಅದಕ್ಕೆ ಸರದಿ ಖರ್ಚಾಗುವುದಿಲ್ಲ. ಹಾರುವ ಶತ್ರು ಬಂದರೆ ವಾಕಾನ ಚೆಂಡು. ಚುರುಕು ತೋಳದಂಥದ್ದು ಬಂದರೆ ಟೀಡಸ್. ಗಟ್ಟಿ ಚಿಪ್ಪಿನದ್ದಾದರೆ ಆರನ್‌ನ ಕತ್ತಿ. ಕತ್ತಿಗೆ ಬಗ್ಗದ ಲೋಳೆಯಂಥ ಜೀವಿಗೆ ಲೂಲೂಳ ಮಂತ್ರ. ಮುಂದಿನ ಸರದಿಗಳು ಯಾರ್‍ಯಾರದು ಎಂಬ ಪಟ್ಟಿ ತೆರೆಯ ಬಲಬದಿಯಲ್ಲಿ ಕಾಣುತ್ತಲೇ ಇರುತ್ತದೆ. ಯೋಚನೆ ಮಾಡಿ ಗೆದ್ದೆ ಎಂಬ ಖುಷಿ ಮೊದಲ ಕೆಲವು ಗಂಟೆಗಳಲ್ಲೇ ಸಿಗುತ್ತದೆ. ಪೂರ್ತಿ ಮುಗಿಸಲು ಸುಮಾರು 45ರಿಂದ 50 ಗಂಟೆ ಬೇಕು.

10 ಆಡುವವರಿಗೆ ನಾಲ್ಕು ಎಚ್ಚರಿಕೆ. ಶುರುವಿನಲ್ಲಿ ಸ್ಫಿಯರ್ ಗ್ರಿಡ್ ಯಾವುದು ಬೇಕೆಂದು ಕೇಳುತ್ತದೆ. ಅದು ಪಾತ್ರಗಳ ಶಕ್ತಿ ಬೆಳೆಸುವ ನಕ್ಷೆ. ಸ್ಟಾಂಡರ್ಡ್ ಆರಿಸಿ, ಎಕ್ಸ್‌ಪರ್ಟ್ ಬೇಡ. ಎರಡನೆಯದು, ಕಾಳಗದಲ್ಲಿ ಒಂದು ಸಲವಾದರೂ ಕೈ ಮಾಡಿದವರಿಗೆ ಮಾತ್ರ ಅಂಕ ಸಿಗುತ್ತದೆ, ಹಾಗಾಗಿ ಎಲ್ಲರನ್ನೂ ಕಣಕ್ಕೆ ಕರೆಯಿರಿ. ಇಬ್ಬರು ಮೂವರನ್ನೇ ಬೆಳೆಸಿದರೆ ಮುಂದೆ ಕಷ್ಟ. ಮೂರನೆಯದು, ಲೂಕಾ ಪಟ್ಟಣದಲ್ಲಿ ನೀರೊಳಗಿನ ಚೆಂಡಾಟ ಬ್ಲಿಟ್ಜ್‌ಬಾಲ್‌ನ ಒಂದು ಪಂದ್ಯ ಆಡಲೇಬೇಕು. ಸೋತರೂ ಕತೆ ಮುಂದೆ ಹೋಗುತ್ತದೆ, ಬೇಜಾರು ಬೇಡ. ನಾಲ್ಕನೆಯದು, ಕೊನೆಯ ಭಾಗದಲ್ಲಿ ಹಾರುವ ಹಡಗು ಕೈಗೆ ಬಂದ ಮೇಲೆ ಹಳೆಯ ಊರುಗಳಿಗೆ ತಿರುಗಿ ಹೋಗುವ ಮುಂಚೆ ಸೇವ್ ಮಾಡಿ. ಎಚ್‌ಡಿ ಆವೃತ್ತಿಯಲ್ಲಿ ಕೆಲವು ಕಡೆ ಅತಿ ಬಲಶಾಲಿ ಶತ್ರುಗಳು ಕಾದಿರುತ್ತಾರೆ, ಒಂದೇ ಏಟಿಗೆ ತಂಡ ಮಲಗುತ್ತದೆ.

9 ನನ್ನ ಮನಸ್ಸಿಗೆ ಹತ್ತಿರದ್ದು. ಊರೂರು ತಿರುಗಿ ನಾಟಕ ಆಡುವ ತಂಡ, ಆದರೆ ಒಳಗೊಳಗೆ ಕಳ್ಳರು. ರಾಜಕುಮಾರಿಯನ್ನು ಎತ್ತಿಕೊಂಡು ಹೋಗಲು ಅರಮನೆಗೆ ಬರುತ್ತಾರೆ. ಜತೆಗೆ ವಿವಿ ಎಂಬ ಚೂಪು ಟೊಪ್ಪಿಯ ಪುಟ್ಟ ಮಂತ್ರಗಾರ. ತಾನು ಯಾರು, ಎಷ್ಟು ದಿನ ಇರುತ್ತೇನೆ ಎಂದು ಅವನು ಕೇಳುತ್ತಾ ಹೋಗುವ ದಾರಿ ಈ ಸರಣಿಯ ಅತ್ಯಂತ ಮಾನವೀಯ ಭಾಗ ಎಂಬುದು ನನ್ನ ನಂಬಿಕೆ. ಮಕ್ಕಳೂ ಆಡಬಹುದು, ದೊಡ್ಡವರಿಗೂ ತಟ್ಟುತ್ತದೆ. ಕೊರತೆ ಒಂದೇ, ಕಾಳಗ ನಿಧಾನ. ಈಗಿನ ಆವೃತ್ತಿಗಳಲ್ಲಿ ವೇಗ ಹೆಚ್ಚಿಸುವ ಬಟನ್ ಇದೆ, ಮುಲಾಜಿಲ್ಲದೆ ಬಳಸಿ. ಇನ್ನೊಂದು ಮಾತು: ಇಲ್ಲಿ ವಿದ್ಯೆ ಕಲಿಯುವುದು ತೊಟ್ಟ ಆಯುಧ, ಬಟ್ಟೆಯಿಂದ. ವಿದ್ಯೆಯ ಪಟ್ಟಿ ತುಂಬುವವರೆಗೆ ಅದನ್ನು ಕಳಚಬೇಡಿ, ಮಾರಲೂಬೇಡಿ.

7? ಎಲ್ಲರೂ ಕೇಳುವುದು ಇದನ್ನೇ. 1997ರ ಮೂಲ ಆಟದಿಂದ ಶುರು ಮಾಡುವುದಾದರೆ ಧಾರಾಳವಾಗಿ ಮಾಡಿ. ಪಾತ್ರಗಳು ಪೆಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತವೆ, ಒಂದೆರಡು ಗಂಟೆಯಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಆದರೆ 2020ರ ರೀಮೇಕ್‌ನಿಂದ ಶುರು ಮಾಡಬೇಡಿ. ಅದು ಮೂಲದ ಪೂರ್ತಿ ಕತೆ ಅಲ್ಲ, ಮಿಡ್ಗಾರ್ ನಗರದ ಭಾಗವನ್ನಷ್ಟೇ ಹಿಗ್ಗಿಸಿ ಮಾಡಿದ ಆಟ. ಅಷ್ಟೇ ಅಲ್ಲ, ಹಳೆಯ ಕತೆ ಗೊತ್ತಿದ್ದವರ ನೆನಪಿನ ಜತೆಗೇ ಅದು ಆಟವಾಡುತ್ತದೆ. ಗೊತ್ತಿಲ್ಲದವರಿಗೆ ಕೊನೆಯ ಗಂಟೆಗಳು ತಲೆಬುಡ ತಿಳಿಯುವುದಿಲ್ಲ.

ಮೊದಲ ಆಟವಾಗಿ ಬೇಡ ಎಂದು ಹೇಳುವ ಇನ್ನೆರಡು: 2 ಮತ್ತು 8. 2ರಲ್ಲಿ ಲೆವೆಲ್ ಎಂಬುದೇ ಇಲ್ಲ. ಕತ್ತಿ ಬಳಸಿದರೆ ಕತ್ತಿವಿದ್ಯೆ ಬೆಳೆಯುತ್ತದೆ, ಏಟು ತಿಂದರೆ ಜೀವ ಬೆಳೆಯುತ್ತದೆ. ಯೋಚನೆ ಒಳ್ಳೆಯದೇ, ಆಟ ಮಾತ್ರ ಒರಟು. 8ರಲ್ಲಿ ನೀವು ಬೆಳೆದಂತೆ ಶತ್ರುಗಳೂ ಬೆಳೆಯುತ್ತಾರೆ, ಮಂತ್ರಗಳನ್ನು ಹೆಚ್ಚಾಗಿ ಶತ್ರುಗಳಿಂದ ಎಳೆದುಕೊಳ್ಳಬೇಕು. ಬೇರೆ ಆರ್‌ಪಿಜಿಯಲ್ಲಿ ಕಲಿತದ್ದೇ ಇಲ್ಲಿ ಅಡ್ಡ ಬರುತ್ತದೆ. ಮೊದಲ ಆಟಕ್ಕೆ ಅಂಥ ಗೊಂದಲ ಸುಮ್ನೆ ಯಾಕೆ?

ತಾಯಿ ತಂದೆಯರಿಗೆ: 16 ವಯಸ್ಕರ ಆಟ. ರಕ್ತಪಾತ, ಲೈಂಗಿಕ ದೃಶ್ಯ ಎರಡೂ ಇವೆ. ಹೆಸರು ಒಂದೇ ಎಂದು ಮಕ್ಕಳಿಗೆ ಕೊಡಬೇಡಿ.

6. ಕೊಳ್ಳುವಾಗ

ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ಮೇಲೆ ಕಾಣುವುದು ಉಚಿತ ಆಟಗಳು. 7ರ ಕತೆ ಹೇಳುವ ಎವರ್ ಕ್ರೈಸಿಸ್ ಅಂಥದ್ದು. ಅದರಲ್ಲಿ ಗಾಚಾ ಇದೆ, ಅಂದರೆ ದುಡ್ಡು ಅಥವಾ ಕೂಡಿಟ್ಟ ಹರಳು ಕೊಟ್ಟು ಲಾಟರಿಯಂತೆ ಆಯುಧ ಎತ್ತುವುದು. ಮಕ್ಕಳ ಕೈಲಿ ಯುಪಿಐ ಇರುವ ಫೋನ್ ಇದ್ದರೆ ಅಪಾಯ. ನಮಗೆ ಬೇಕಾದದ್ದು ಒಮ್ಮೆ ದುಡ್ಡು ಕೊಟ್ಟರೆ ಮುಗಿಯುವ, ಜಾಹೀರಾತು ಇಲ್ಲದ ಆಟ. ಹೆಸರಿನಲ್ಲಿ ಪಿಕ್ಸೆಲ್ ರೀಮಾಸ್ಟರ್ ಅಥವಾ ಅದೇ ಸಾಲಿನ ಚಿತ್ರ ಇದೆಯಾ ನೋಡಿ. 3 ಮತ್ತು 4ಕ್ಕೆ ಮಾತ್ರ ಇನ್ನೊಂದು 3ಡಿ ಆವೃತ್ತಿಯೂ ಮಾರಾಟದಲ್ಲಿದೆ. 4ರ 3ಡಿ ಆವೃತ್ತಿ ಬಹಳ ಕಠಿಣ, ಹೊಸಬರಿಗೆ ಸಲ್ಲ.

ಪೂರ್ತಿ ಬೆಲೆ ಕೊಡಬೇಕಿಲ್ಲ. ಸ್ಕ್ವೇರ್ ಎನಿಕ್ಸ್‌ನ ಹಳೆಯ ಆಟಗಳು ವರ್ಷದಲ್ಲಿ ಹಲವು ಸಲ ರಿಯಾಯಿತಿಗೆ ಬರುತ್ತವೆ. ಸ್ಟೀಮ್‌ನಲ್ಲಿ ವಿಶ್‌ಲಿಸ್ಟ್‌ಗೆ ಹಾಕಿಟ್ಟರೆ ಮೇಲ್ ಬರುತ್ತದೆ, ಯುಪಿಐನಲ್ಲೇ ದುಡ್ಡು ಕಟ್ಟಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡದಿದ್ದರೆ, ಕೊಂಡ 14 ದಿನದೊಳಗೆ ಮತ್ತು ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ವಾಪಸ್ ಕೇಳಬಹುದು. ಹಾಗಾಗಿ ಮೊದಲ ದಿನವೇ ತೆರೆದು, ಒಂದು ಕಾಳಗ ಆಗುವವರೆಗೆ ಆಡಿ, ಯಂತ್ರ ಒದ್ದಾಡುತ್ತದಾ ನೋಡಿ. ಫೋನಿನಲ್ಲಿ ಕೊಂಡದ್ದು ಕಂಪ್ಯೂಟರಿಗೆ ಬರುವುದಿಲ್ಲ, ಸೇವ್ ಕೂಡ ಬರುವುದಿಲ್ಲ. ಎಲ್ಲಿ ಮುಗಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಟೆಲಿಗ್ರಾಂನಲ್ಲಿ ಯಾರೋ ಹಂಚಿದ ಎಪಿಕೆ ಫೈಲ್ (ಅಂಗಡಿಯ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ ಫೈಲ್) ಮಾತ್ರ ಹಾಕಿಕೊಳ್ಳಬೇಡಿ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕೂ ಇದೆ.

7. ಮೊದಲ ಹತ್ತು ಗಂಟೆ ದಾಟುವುದು

ಜನ ಬಿಡುವುದು ಇಲ್ಲೇ. ಅದಕ್ಕೇ ಕೆಲವು ಅಭ್ಯಾಸ.

ಎಲ್ಲರ ಜತೆ ಮಾತಾಡಿ. ಮುಂದೆ ಎಲ್ಲಿಗೆ ಹೋಗಬೇಕು ಎಂಬುದು ಊರಿನ ಯಾವುದೋ ಅಜ್ಜನ ಬಾಯಲ್ಲಿ ಇರುತ್ತದೆ. ಹೊಸ ಊರಿಗೆ ಬಂದ ಕೂಡಲೇ ಆಯುಧದ ಅಂಗಡಿ ನೋಡಿ.

ದಾರಿಯಲ್ಲಿ ಏನೂ ಕಾಣದಿದ್ದರೂ ಹಠಾತ್ ಕಾಳಗ ಶುರುವಾಗುತ್ತದೆ. ಇದಕ್ಕೆ ರ್‍ಯಾಂಡಮ್ ಎನ್‌ಕೌಂಟರ್ ಎನ್ನುತ್ತಾರೆ. ಪಿಕ್ಸೆಲ್ ರೀಮಾಸ್ಟರ್‌ಗಳಲ್ಲಿ ಇದನ್ನು ನಿಲ್ಲಿಸುವ, ಸಿಗುವ ಅಂಕಗಳನ್ನು ನಾಲ್ಕು ಪಟ್ಟಿನವರೆಗೆ ಹೆಚ್ಚಿಸುವ ಸೌಲಭ್ಯ ಇದೆ. ದಾರಿ ತಪ್ಪಿ ತಿರುಗುವಾಗ ನಿಲ್ಲಿಸಿ, ದಾರಿ ಸಿಕ್ಕ ಮೇಲೆ ಮತ್ತೆ ಹಾಕಿ. ಪೂರ್ತಿ ನಿಲ್ಲಿಸಿಯೇ ಆಡಿದರೆ ಬಾಸ್ ಎದುರು, ಅಂದರೆ ಆ ಜಾಗದ ದೊಡ್ಡ ಶತ್ರುವಿನ ಎದುರು, ನಿಮ್ಮ ತಂಡ ನಿಲ್ಲದು. ದಿನದಲ್ಲಿ ಅರ್ಧ ಗಂಟೆ ಮಾತ್ರ ಸಿಗುವವರು ಅಂಕ ಎರಡು ಪಟ್ಟು ಇಟ್ಟುಕೊಳ್ಳಿ. ಅದು ಮೋಸ ಅಲ್ಲ.

ಔಷಧ ಕೂಡಿಡಬೇಡಿ. ಎಲಿಕ್ಸರ್ ಎಂಬುದು ಎಲ್ಲ ಶಕ್ತಿ ತುಂಬುವ ದುಬಾರಿ ಮದ್ದು. ಹೆಚ್ಚಿನವರು ಆಟ ಮುಗಿಸುವಾಗ ಅದು ಚೀಲದಲ್ಲೇ ಉಳಿದಿರುತ್ತದೆ. ಸೋಲುವ ಹಾಗೆ ಕಂಡರೆ ಬಳಸಿ. ಹಾಗೇ ಒಂದು ಹಳೆಯ ಯುಕ್ತಿ: ಹೆಣ, ಭೂತದ ಜಾತಿಯ ಶತ್ರುಗಳಿಗೆ ಗುಣಪಡಿಸುವ ಮಂತ್ರವೇ ವಿಷ. ಅವರ ಮೇಲೆ ಕ್ಯೂರ್ ಹಾಕಿ ನೋಡಿ.

ಬಾಸ್‌ಗೆ ಎರಡು ಮೂರು ಸಲ ಸೋತರೆ ಯೂಟ್ಯೂಬ್‌ಗೆ ಓಡುವ ಮುಂಚೆ ತಂಡದ ಆಯುಧ, ಮಂತ್ರ ಬದಲಿಸಿ ನೋಡಿ. ಆಗಲೂ ಆಗದಿದ್ದರೆ ಆ ಒಂದು ಬಾಸ್‌ನ ವಿಷಯ ಮಾತ್ರ ಹುಡುಕಿ ಓದಿ. ಶುರುವಿನಿಂದಲೇ ಗೈಡ್ ಇಟ್ಟುಕೊಂಡು, ಯಾವ ಪೆಟ್ಟಿಗೆಯೂ ತಪ್ಪಬಾರದು ಎಂದು ಆಡಬೇಡಿ. 9ರಲ್ಲಿ ಒಂದು ಕತ್ತಿ ಸಿಗಬೇಕೆಂದರೆ 12 ಗಂಟೆಯೊಳಗೆ ಕೊನೆಯ ಜಾಗ ತಲುಪಬೇಕು. ಮೊದಲ ಸಲ ಆಡುವವರು ಆ ಕತ್ತಿಯ ಹಿಂದೆ ಬಿದ್ದರೆ ಕತೆಯನ್ನೇ ನೋಡದೆ ಓಡಬೇಕಾಗುತ್ತದೆ. ಅದು ಇಲ್ಲದೆಯೂ ಆಟ ಮುಗಿಯುತ್ತದೆ.

ಸೇವ್ ಒಂದೇ ಜಾಗದಲ್ಲಿ ಇಡಬೇಡಿ. ಮೂರು ಸ್ಲಾಟ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ. ಬಾಸ್ ಎದುರಿನ ಸೇವ್ ಒಂದೇ ಇದ್ದು, ತಂಡ ದುರ್ಬಲವಾಗಿದ್ದರೆ ಹಿಂದೆ ಹೋಗಲು ದಾರಿ ಬೇಕು.

ಎರಡು ವಾರ ಬಿಟ್ಟು ಮತ್ತೆ ಆಡುವುದು ನಮ್ಮಲ್ಲಿ ಸಾಮಾನ್ಯ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ, ಪರೀಕ್ಷೆಯ ಹೊತ್ತಿಗೆ ಆಟ ನಿಲ್ಲುತ್ತದೆ. ನಿಲ್ಲಿಸುವ ದಿನ ಎಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು ಎಂದು ಎರಡು ಸಾಲು ಬರೆದಿಡಿ. ಹಳೆಯ ಆಟಗಳು ಅದನ್ನು ನೆನಪಿಸುವುದಿಲ್ಲ.

8. ಒಂದು ಮುಗಿಸಿದ ಮೇಲೆ

4 ಹಿಡಿಸಿದರೆ 6, ಆಮೇಲೆ 9. ತಂಡವನ್ನು ನಿಮಗೆ ಬೇಕಾದ ಹಾಗೆ ಕಟ್ಟುವ ಆಸೆ ಇದ್ದರೆ 5. ಅದರಲ್ಲಿ ಪಾತ್ರಗಳ ಕಸುಬನ್ನೇ ಬದಲಿಸಬಹುದು, ಒಂದು ಕಸುಬಿನ ವಿದ್ಯೆಯನ್ನು ಇನ್ನೊಂದಕ್ಕೆ ಒಯ್ಯಬಹುದು. ಇದೇ ಜಾಬ್ ಸಿಸ್ಟಮ್. 10 ಹಿಡಿಸಿದರೆ ಕೂಡಲೇ 10-2ಕ್ಕೆ ಹೋಗಬೇಡಿ. ಎಚ್‌ಡಿ ಆವೃತ್ತಿಯಲ್ಲಿ ಎರಡೂ ಒಟ್ಟಿಗೇ ಬರುವುದರಿಂದ ಆಸೆ ಆಗುತ್ತದೆ. ಆದರೆ ಅದರ ಧಾಟಿಯೇ ಬೇರೆ, ಹಗುರ, ಹಾಡು ಕುಣಿತದ್ದು. 10ರ ಕೊನೆ ಮನಸ್ಸಿನಲ್ಲಿ ಇಳಿಯಲು ಒಂದಷ್ಟು ದಿನ ಬಿಡಿ. ನಡುವೆ 12 ಅಥವಾ 9 ಆಡಿ. 7ರ ದಾರಿ ಹಿಡಿಯುವವರಿಗೆ ಕ್ರಮ ಇದು: 1997ರ ಮೂಲ, ಆಮೇಲೆ ರೀಮೇಕ್, ಆಮೇಲೆ 2024ರ ರೀಬರ್ತ್. ಕ್ರೈಸಿಸ್ ಕೋರ್ ಎಂಬುದು 7ಕ್ಕೂ ಹಿಂದಿನ ಕತೆ ಹೇಳುತ್ತದೆ. ಆದರೂ ಅದನ್ನು ಮೂಲ ಮುಗಿಸಿದ ಮೇಲೆಯೇ ಆಡಿ, ಇಲ್ಲವಾದರೆ 7 ಬಹಳ ಹೊತ್ತು ಮುಚ್ಚಿಟ್ಟ ಗುಟ್ಟು ಮೊದಲೇ ಬಯಲಾಗುತ್ತದೆ.